ಗಡಿ ದಾಟುವ ಆನ್‌ಲೈನ್ ಖರೀದಿಯ ತೆರಿಗೆ ಮತ್ತು ಸುಂಕ: ಚಿಕ್ಕೋಡಿ ಸೀಮೆ

ಒಂದು ರಾಜ್ಯದಲ್ಲೋ ದೇಶದಲ್ಲೋ ಕೂತ ಮಾರಾಟಗಾರರ ಸರಕನ್ನು ಇನ್ನೊಂದು ರಾಜ್ಯದ ಅಥವಾ ದೇಶದ ಗಿರಾಕಿಗಳು ಆನ್‌ಲೈನ್ ಮಾರುಕಟ್ಟೆಯ ಮೂಲಕ ಕೊಂಡಾಗ ಅದರ ಮೇಲೆ ಬೀಳುವ ತೆರಿಗೆಗಳನ್ನು ಈ ಲೇಖನ ವಿವರಿಸುತ್ತದೆ. ಸರಕು ರಾಜ್ಯದ ಗಡಿ ದಾಟಿದರೆ ಬೀಳುವುದು ಸಮಗ್ರ ಸರಕು ಮತ್ತು ಸೇವಾ ತೆರಿಗೆ (ಐಜಿಎಸ್‌ಟಿ). ದೇಶದ ಗಡಿ ದಾಟಿ ಒಳಬಂದರೆ ಮೊದಲು ಸೀಮಾ ಸುಂಕ, ಆಮೇಲೆ ಸುಂಕ ಸೇರಿದ ಮೊತ್ತದ ಮೇಲೆ ಐಜಿಎಸ್‌ಟಿ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳಲ್ಲಿ ಈ ತೆರಿಗೆಗಳು ದಿನದ ವ್ಯವಹಾರದ ಭಾಗವಾಗಿವೆ. ಇಲ್ಲಿಯ ಪೇಟೆ ರಾಜ್ಯದ ಎಲ್ಲೆಯನ್ನು ಹಿಡಿದು ಬೆಳೆದದ್ದಲ್ಲ. ನಿಪ್ಪಾಣಿಯಿಂದ ಮಹಾರಾಷ್ಟ್ರದ ಕೊಲ್ಹಾಪುರ ಸುಮಾರು 40 ಕಿಲೋಮೀಟರ್. ಬೆಳಗಾವಿ ಹೆಚ್ಚುಕಡಿಮೆ ಅದರ ಇಮ್ಮಡಿ ದೂರ. ಕಾಗವಾಡದವರಿಗೆ ಆಸ್ಪತ್ರೆ, ಮದುವೆ ಜವಳಿ, ಬಂಗಾರ ಎಲ್ಲಕ್ಕೂ ಗಡಿಯಾಚೆಯ ಮಿರಜ ಮತ್ತು ಸಾಂಗಲಿಯೇ ಹತ್ತಿರ. ಅಥಣಿಯಿಂದ ಜಿಲ್ಲಾ ಕೇಂದ್ರಕ್ಕೆ ಹೋಗುವ ಹೊತ್ತಿನಲ್ಲಿ ಮಿರಜಕ್ಕೆ ಹೋಗಿ ಸಂತೆ ಮುಗಿಸಿ ಬರಬಹುದು.

ರಸ್ತೆಯ ಮೇಲೆ ಈಗ ಈ ಎಲ್ಲೆ ಬಹುಪಾಲು ಕಾಣುವುದಿಲ್ಲ. ಕಾಣುವುದು ಬಿಲ್ಲಿನಲ್ಲಿ. ಇಲ್ಲಿಯ ಪಿನ್ ಕೋಡು 591ರಿಂದ ಶುರುವಾದರೆ ಕೊಲ್ಹಾಪುರ, ಸಾಂಗಲಿ ಕಡೆಯದು 416ರಿಂದ. ಜಿಎಸ್‌ಟಿ ನೋಂದಣಿ ಸಂಖ್ಯೆಯ ಮೊದಲೆರಡು ಅಂಕೆ ಕರ್ನಾಟಕಕ್ಕೆ 29, ಮಹಾರಾಷ್ಟ್ರಕ್ಕೆ 27. ಒಂದು ಪಾರ್ಸಲಿನ ತೆರಿಗೆ ಯಾವ ಬಗೆಯದು, ಯಾವ ಸರ್ಕಾರಕ್ಕೆ ಸೇರಬೇಕು ಎಂಬುದು ಈ ಅಂಕೆಗಳಿಂದ ತಿಳಿಯುತ್ತದೆ.

ಜಕಾತಿಯಿಂದ ಸಿ ಫಾರ್ಮಿನವರೆಗೆ

ಈ ಸೀಮೆಗೆ ಗಡಿ ತೆರಿಗೆ ಹೊಸದಲ್ಲ. ಸ್ವಾತಂತ್ರ್ಯಕ್ಕೆ ಮುಂಚೆ ಚಿಕ್ಕೋಡಿ ಮತ್ತು ಅಥಣಿ ಮುಂಬಯಿ ಪ್ರಾಂತದ ಬ್ರಿಟಿಷ್ ಬೆಳಗಾವಿ ಜಿಲ್ಲೆಯಲ್ಲಿದ್ದರೆ ರಾಯಬಾಗ ಕೊಲ್ಹಾಪುರ ಸಂಸ್ಥಾನದ್ದಾಗಿತ್ತು. 1949ರಲ್ಲಿ ಕೊಲ್ಹಾಪುರ ಮುಂಬಯಿ ರಾಜ್ಯದಲ್ಲಿ ಸೇರಿತು. 1956ರ ನವೆಂಬರ್ 1ರಂದು ಚಂದಗಡ ತಾಲೂಕನ್ನು ಬಿಟ್ಟು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಅಲ್ಲಿಯವರೆಗೆ ಕೊಲ್ಹಾಪುರ ಮತ್ತು ನಿಪ್ಪಾಣಿಯ ವ್ಯಾಪಾರಿಗಳಿಬ್ಬರಿಗೂ ಒಂದೇ ಮುಂಬಯಿ ಮಾರಾಟ ತೆರಿಗೆ ಇತ್ತು. 1957ರಲ್ಲಿ ಮೈಸೂರು ಮಾರಾಟ ತೆರಿಗೆ ಕಾಯ್ದೆ ಬಂದಮೇಲೆ ಒಂದೇ ಪೇಟೆಯ ಎರಡು ತುದಿಗಳಿಗೆ ಎರಡು ಕಾನೂನಾದವು. ನಿಪ್ಪಾಣಿ ಯಾವ ರಾಜ್ಯದ್ದು ಎಂಬ ವಾದ 1967ರ ಮಹಾಜನ ಆಯೋಗದ ವರದಿಯ ಮೂಲಕ ಹಾದು 2004ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ತೆರಿಗೆಯ ಮಟ್ಟಿಗೆ ಮಾತ್ರ 1956ರ ಗೆರೆಯೇ ಇಂದಿಗೂ ನಡೆಯುತ್ತದೆ.

ದೂರದ ಅಂಗಡಿಯಿಂದ ಸರಕು ತರಿಸಿದರೆ ತೆರಿಗೆ ಕಳಿಸಿದವನ ರಾಜ್ಯದ್ದೋ ಕೊಂಡವನ ರಾಜ್ಯದ್ದೋ? ಆನ್‌ಲೈನ್ ಮಾರುಕಟ್ಟೆ ಹುಟ್ಟುವ ಎಷ್ಟೋ ಮುಂಚೆ, ಮುಟ್ಟಿದಾಗ ಹಣ ಕೊಡುವ ವಿ.ಪಿ. ಪಾರ್ಸಲಿನ ಕಾಲದಲ್ಲೇ ಈ ಪ್ರಶ್ನೆ ಎದ್ದಿತ್ತು. ಸಂವಿಧಾನದ 286ನೆಯ ವಿಧಿಯ ಮೂಲ ವಿವರಣೆ, ಸರಕು ಬಳಕೆಗಾಗಿ ಎಲ್ಲಿ ತಲುಪುತ್ತದೋ ಆ ರಾಜ್ಯದಲ್ಲೇ ಮಾರಾಟ ನಡೆಯಿತೆಂದು ತಿಳಿಯಬೇಕು ಎನ್ನುತ್ತಿತ್ತು. ಮುಂಬಯಿ ರಾಜ್ಯ ಮತ್ತು ಯುನೈಟೆಡ್ ಮೋಟರ್ಸ್ ನಡುವಿನ ಮೊಕದ್ದಮೆಯಲ್ಲಿ 1953ರಲ್ಲಿ ಸುಪ್ರೀಂ ಕೋರ್ಟು ತಲುಪಿದ ರಾಜ್ಯ ತೆರಿಗೆ ಹಾಕಬಹುದೆಂದಿತು. ಒಬ್ಬ ವ್ಯಾಪಾರಿ ದೇಶದ ಹತ್ತಾರು ರಾಜ್ಯಗಳಿಗೆ ಲೆಕ್ಕ ಒಪ್ಪಿಸಬೇಕಾದ ಪರಿಸ್ಥಿತಿ ಬಂತು. ಎರಡೇ ವರ್ಷದಲ್ಲಿ, 1955ರ ಬೆಂಗಾಲ್ ಇಮ್ಯುನಿಟಿ ತೀರ್ಪಿನಲ್ಲಿ, ಅದೇ ಕೋರ್ಟು ತನ್ನ ನಿಲುವನ್ನು ತಿರುಗಿಸಿತು. 1956ರ ಆರನೆಯ ತಿದ್ದುಪಡಿ ಅಂತರರಾಜ್ಯ ಮಾರಾಟದ ತೆರಿಗೆಯನ್ನು ಕೇಂದ್ರದ ಪಟ್ಟಿಗೆ ಸೇರಿಸಿತು. ಅದೇ ವರ್ಷ ಕೇಂದ್ರ ಮಾರಾಟ ತೆರಿಗೆ ಕಾಯ್ದೆ ಬಂತು. ಕಾಯ್ದೆ ಕೇಂದ್ರದ್ದಾದರೂ ಸರಕು ಹೊರಟ ರಾಜ್ಯವೇ ತೆರಿಗೆ ವಸೂಲು ಮಾಡಿ ತಾನೇ ಇಟ್ಟುಕೊಳ್ಳುತ್ತಿತ್ತು.

ಈ ಸೀಮೆಗೆ ಅದರಿಂದಾದ ಪರಿಣಾಮ ದೊಡ್ಡದು. ನಿಪ್ಪಾಣಿಯ ನೋಂದಾಯಿತ ವ್ಯಾಪಾರಿ ಕೊಲ್ಹಾಪುರದಿಂದ ಮಾಲು ತಂದರೆ ಸಿ ಫಾರ್ಮ್ ಎಂಬ ಘೋಷಣಾ ಪತ್ರ ಕೊಟ್ಟು ಕಡಿಮೆ ದರದಲ್ಲಿ ತರಬಹುದಿತ್ತು. ಆ ದರ ಮೊದಲು ಶೇ 1 ಇದ್ದದ್ದು 1975ರಲ್ಲಿ ಶೇ 4ಕ್ಕೆ ಏರಿ, 2007ರಲ್ಲಿ ಶೇ 3ಕ್ಕೂ 2008ರಲ್ಲಿ ಶೇ 2ಕ್ಕೂ ಇಳಿಯಿತು. ಆ ಶೇ 2 ಎಲ್ಲಿಯೂ ವಾಪಸು ಸಿಗುತ್ತಿರಲಿಲ್ಲ; ಸರಕಿನ ಬೆಲೆಯಲ್ಲಿ ಸೇರಿಹೋಗುತ್ತಿತ್ತು. ಸಿ ಫಾರ್ಮ್ ಕೊಡಲಾಗದ ಸಾಮಾನ್ಯ ಗಿರಾಕಿ ಪೂರ್ತಿ ದರ ತೆರುತ್ತಿದ್ದ, ಅದು ಮಹಾರಾಷ್ಟ್ರದ ಬೊಕ್ಕಸ ಸೇರುತ್ತಿತ್ತು. ಮುಂಬೈಯ ಅಂಗಡಿಯಿಂದ ಅಥಣಿಗೆ ತರಿಸಿದ ಸರಕಿನ ತೆರಿಗೆಯಲ್ಲಿ ಅಥಣಿಯ ರಸ್ತೆಗೆ, ಶಾಲೆಗೆ ಒಂದು ಪೈಸೆಯೂ ಬರುತ್ತಿರಲಿಲ್ಲ.

ಊರೊಳಗೆ ಬರುವ ಸರಕಿಗೆ ಪುರಸಭೆಗಳು ಹಾಕುತ್ತಿದ್ದ ಜಕಾತಿಯನ್ನು ಕರ್ನಾಟಕ 1979ರಲ್ಲಿ ತೆಗೆದು ಅದರ ಜಾಗದಲ್ಲಿ ಪ್ರವೇಶ ತೆರಿಗೆ ತಂದಿತು. ಮುಂಬೈಯಲ್ಲಿ ಜಕಾತಿ 2017ರವರೆಗೂ ಉಳಿದಿತ್ತು. 2005ರ ಏಪ್ರಿಲ್ 1ರಿಂದ ಮಾರಾಟ ತೆರಿಗೆಯ ಜಾಗಕ್ಕೆ ಮೌಲ್ಯವರ್ಧಿತ ತೆರಿಗೆ (ವ್ಯಾಟ್) ಬಂತು. ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಕಾಗಲ ದಾಟಿದ ಕೂಡಲೇ ಸಿಗುವ ಕೊಗನೊಳಿಯನ್ನು ಲಾರಿ ಚಾಲಕರು ನಾಕಾ ಎಂದೇ ಗುರುತಿಸುತ್ತಿದ್ದರು; ಬಿಲ್ಟಿ ತೋರಿಸಿ ಮುಂದೆ ಹೋಗಲು ಸಾಲಿನಲ್ಲಿ ಕಾಯುವುದು ಆಗಿನ ವ್ಯಾಪಾರದ ಒಂದು ಖರ್ಚೇ ಆಗಿತ್ತು.

ಆನ್‌ಲೈನ್ ಮಾರುಕಟ್ಟೆ ಬೆಳೆದಂತೆ ಹಳೆಯ ಕಾನೂನು ಸಾಲದಾಯಿತು. 2014ರಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಮತ್ತು ಅಮೆಜಾನ್ ನಡುವೆ ತಕರಾರು ಎದ್ದಿತು. ಬೇರೆ ವ್ಯಾಪಾರಿಗಳ ಸರಕನ್ನು ತನ್ನ ಗೋದಾಮಿನಲ್ಲಿಟ್ಟು ಕಳಿಸುವ ಕಂಪನಿ ಬರೀ ಸೇವೆ ಕೊಡುವುದೋ, ದಲಾಲಿಯಾಗಿ ತಾನೇ ವ್ಯಾಟ್ ಕಟ್ಟಬೇಕೋ ಎಂಬುದು ಅದರ ತಿರುಳು. ಗುಜರಾತ್, ಉತ್ತರಾಖಂಡದಂಥ ರಾಜ್ಯಗಳು ಆನ್‌ಲೈನ್ ಪಾರ್ಸಲುಗಳ ಮೇಲೆ ಪ್ರವೇಶ ತೆರಿಗೆಯನ್ನೇ ಹಾಕಿದವು. ತೆರಿಗೆ ಹೊರಟ ರಾಜ್ಯಕ್ಕೆ ಹೋಗುತ್ತಿದ್ದದ್ದೇ ಈ ಜಗಳದ ಮೂಲ.

ವಿಳಾಸ ಹಿಡಿದು ಹೋಗುವ ತೆರಿಗೆ

2017ರ ಜುಲೈ 1ರಂದು ಜಾರಿಯಾದ ಜಿಎಸ್‌ಟಿ, ತೆರಿಗೆ ಹೊರಟ ರಾಜ್ಯಕ್ಕೆ ಸೇರುವ ಆ ಕ್ರಮವನ್ನು ತಲೆಕೆಳಗು ಮಾಡಿತು. ಕೇಂದ್ರ ಮಾರಾಟ ತೆರಿಗೆ, ಪ್ರವೇಶ ತೆರಿಗೆ, ವ್ಯಾಟ್ ಹೆಚ್ಚಿನ ಸರಕುಗಳ ಮೇಲಿಂದ ಹೋದವು. ಕೊಗನೊಳಿಯಂಥ ಕಡೆ ವಾಣಿಜ್ಯ ತೆರಿಗೆ ನಾಕಾಕ್ಕೆ ಕೆಲಸ ಉಳಿಯಲಿಲ್ಲ. ತೆರಿಗೆ ಈಗ ಸರಕು ತಲುಪಿದ ರಾಜ್ಯದ್ದು. ಪೆಟ್ರೋಲ್, ಡೀಸೆಲ್, ಮದ್ಯದಂಥ ಕೆಲವು ಮಾತ್ರ ಹೊರಗುಳಿದವು.

ಚಿಕ್ಕೋಡಿಯ ಮನೆಯೊಂದಕ್ಕೆ ಮಹಾರಾಷ್ಟ್ರದ ಭಿವಂಡಿಯ ಗೋದಾಮಿನಿಂದ ಮಿಕ್ಸರ್ ಬಂತೆನ್ನೋಣ. ಬಿಲ್ಲಿನಲ್ಲಿ ಮಾರಾಟಗಾರರ ಸಂಖ್ಯೆ 27ರಿಂದ ಶುರುವಾಗುತ್ತದೆ, ತಲುಪುವ ರಾಜ್ಯ ಕರ್ನಾಟಕ ಎಂದಿರುತ್ತದೆ, ತೆರಿಗೆ ಐಜಿಎಸ್‌ಟಿ ಶೇ 18. ಅದೇ ಮಿಕ್ಸರ್ ಬೆಂಗಳೂರಿನ ಗೋದಾಮಿನಿಂದ ಬಂದಿದ್ದರೆ ಕೇಂದ್ರಕ್ಕೆ ಶೇ 9, ರಾಜ್ಯಕ್ಕೆ ಶೇ 9 ಎಂದು ಎರಡು ಸಾಲಾಗುತ್ತಿತ್ತು. ಗಿರಾಕಿ ಕೊಡುವ ಮೊತ್ತ ಎರಡರಲ್ಲೂ ಒಂದೇ. ಐಜಿಎಸ್‌ಟಿ ಮೊದಲು ಕೇಂದ್ರಕ್ಕೆ ಹೋಗಿ, ಮಾರಾಟಗಾರರು ಪ್ರತಿ ಲೆಕ್ಕಪತ್ರದಲ್ಲಿ ನೋಂದಣಿಯಿಲ್ಲದ ಗಿರಾಕಿಗಳ ರಾಜ್ಯವಾರು ವಿವರ ಬರೆದ ಪ್ರಕಾರ ಕರ್ನಾಟಕದ ಪಾಲು ಕರ್ನಾಟಕಕ್ಕೆ ಬರುತ್ತದೆ. ಆ ವಿವರದಲ್ಲಿ ರಾಜ್ಯದ ಹೆಸರು ತಪ್ಪಿದರೆ ಹಣವೂ ದಾರಿ ತಪ್ಪುತ್ತದೆ.

ಇದೇ ಗಿರಾಕಿ ಬಸ್ಸು ಹತ್ತಿ ಕೊಲ್ಹಾಪುರಕ್ಕೆ ಹೋಗಿ ಅಂಗಡಿಯಲ್ಲೇ ಮಿಕ್ಸರ್ ಕೊಂಡು, ಬಿಲ್ಲಿನಲ್ಲಿ ವಿಳಾಸ ಬರೆಸದೆ ಬಂದರೆ? ಆಗ ಅಂಗಡಿ ಇರುವ ಜಾಗವೇ ಲೆಕ್ಕಕ್ಕೆ ಬಂದು ರಾಜ್ಯದ ಪಾಲು ಮಹಾರಾಷ್ಟ್ರದ್ದಾಗುತ್ತದೆ. ಅಂದರೆ ಗಡಿ ತಾಲೂಕಿನಲ್ಲಿ ಕೈಯಲ್ಲಿ ಹಿಡಿದು ತಂದ ಸರಕಿಗಿಂತ ಆನ್‌ಲೈನಿನಲ್ಲಿ ತರಿಸಿದ ಸರಕೇ ತನ್ನ ರಾಜ್ಯಕ್ಕೆ ಹೆಚ್ಚು ಖಚಿತವಾಗಿ ತೆರಿಗೆ ತರುತ್ತದೆ. ಗಡಿಯ ಎರಡೂ ಬದಿಯ ರಾಜಕೀಯದಲ್ಲಿ ಈ ಸಂಗತಿಗೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ.

2023ರ ಅಕ್ಟೋಬರ್ 1ರಿಂದ ಈ ನಿಯಮವನ್ನು ಇನ್ನೂ ಬಿಗಿ ಮಾಡಲಾಯಿತು. ನೋಂದಣಿಯಿಲ್ಲದ ಗಿರಾಕಿಯ ಬಿಲ್ಲಿನಲ್ಲಿ ಯಾವ ವಿಳಾಸ ಬರೆದಿದೆಯೋ ಅದೇ ತೆರಿಗೆಯ ಸ್ಥಳ. ಪುಣೆಯಲ್ಲಿ ನೌಕರಿ ಮಾಡುವ ಮಗಳು ತನ್ನ ಹೆಸರಿನಲ್ಲಿ ದುಡ್ಡು ಕಟ್ಟಿ ರಾಯಬಾಗದಲ್ಲಿರುವ ತಾಯಿಗೆ ಸೀರೆ ಕಳಿಸಿದರೆ ಯಾವ ವಿಳಾಸ ಹಿಡಿಯಬೇಕೆಂಬ ಗೊಂದಲವಿತ್ತು. ತಲುಪಿಸುವ ವಿಳಾಸವನ್ನೇ ಹಿಡಿಯಬೇಕೆಂದು 2024ರ ಜೂನ್ ಸುತ್ತೋಲೆ ಬಗೆಹರಿಸಿತು.

ವ್ಯಾಪಾರಿಗೂ ಲಾಭವಾಗಿದೆ. ನಿಪ್ಪಾಣಿಯ ಅಂಗಡಿಯವರು 29ರ ನೋಂದಣಿ ಸಂಖ್ಯೆ ಕೊಟ್ಟು ಗಡಿಯಾಚೆಯ ಇಚಲಕರಂಜಿಯಿಂದ ಬಟ್ಟೆ ತರಿಸಿದರೆ ಕೊಟ್ಟ ಐಜಿಎಸ್‌ಟಿ ಪೂರ್ತಿ ಅವರ ಖಾತೆಗೆ ಜಮೆಯಾಗಿ, ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯುತ್ತದೆ. ಸಿ ಫಾರ್ಮಿನ ಕಾಲದ ಶೇ 2ರ ಹೊರೆ ಹೋಯಿತು. ಸರಕಿನ ಮೌಲ್ಯ 50,000 ರೂಪಾಯಿ ಮೀರಿದರೆ ಇ-ವೇ ಬಿಲ್ ಎಂಬ ಸಾಗಣೆ ಪತ್ರ ಬೇಕು. ರಾಜ್ಯದೊಳಗಿನ ಸಾಗಣೆಗೂ ಅದನ್ನು 2018ರ ಏಪ್ರಿಲ್ 1ರಂದು ಮೊದಲು ಜಾರಿಗೆ ತಂದದ್ದು ಕರ್ನಾಟಕ.

ಅಥಣಿಯ ಚಪ್ಪಲಿ, ಮಿರಜದ ಗಿರಾಕಿ

ಕೊಳ್ಳುವವರಿಗೆ ಗಡಿ ಇಲ್ಲವಾದಷ್ಟು ಸುಲಭವಾಗಿ ಮಾರುವವರಿಗೆ ಇಲ್ಲವಾಗಿಲ್ಲ. ಇದನ್ನು ಚೆನ್ನಾಗಿ ತೋರಿಸುವ ಸರಕು ಕೊಲ್ಹಾಪುರಿ ಚಪ್ಪಲಿ. ಹೆಸರು ಕೊಲ್ಹಾಪುರದ್ದಾದರೂ ಅಲ್ಲಿಯ ಅಂಗಡಿಗಳಲ್ಲಿ ಮಾರಾಟವಾಗುವ ಜೋಡುಗಳಲ್ಲಿ ಬಹಳಷ್ಟು ಅಥಣಿ, ಮದಭಾವಿ, ನಿಪ್ಪಾಣಿ ಕಡೆಯ ಕುಶಲಕರ್ಮಿಗಳ ಮನೆಗಳಲ್ಲಿ ತಯಾರಾಗುತ್ತವೆ. ಚರ್ಮ ಹದಮಾಡುವುದು, ಅಟ್ಟೆ ಕತ್ತರಿಸುವುದು ಗಂಡಸರ ಕೈಯಲ್ಲಿದ್ದರೆ ಹೆಣೆಯುವ, ಹೊಲಿಯುವ ಕೆಲಸ ಬಹುಪಾಲು ಹೆಂಗಸರದು. ಈ ಚಪ್ಪಲಿಗೆ ಸಿಕ್ಕ ಭೌಗೋಳಿಕ ಸೂಚಕ ಮಾನ್ಯತೆ ಎರಡೂ ರಾಜ್ಯಗಳ ಚರ್ಮೋದ್ಯೋಗ ನಿಗಮಗಳಿಗೆ ಜಂಟಿಯಾಗಿ ಸಿಕ್ಕಿದೆ: ಮಹಾರಾಷ್ಟ್ರದ ಲಿಡ್ಕಾಮ್, ಕರ್ನಾಟಕದ ಲಿಡ್ಕರ್. ಆ ಕಡೆ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೋಲಾಪುರ. ಈ ಕಡೆ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ. ಒಂದೇ ಕಸುಬಿಗೆ ಎಂಟು ಜಿಲ್ಲೆಗಳ ಒಂದೇ ಸೀಮೆ ಎಂದು ಆ ಕಾನೂನು ಒಪ್ಪಿದೆ. ಜಿಎಸ್‌ಟಿ ಕಾನೂನು ಒಪ್ಪಿಲ್ಲ.

ಸರಕು ಮಾರುವವರಿಗೆ ಕರ್ನಾಟಕದಲ್ಲಿ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟಿನವರೆಗೆ ನೋಂದಣಿ ಬೇಕಿಲ್ಲ. ಆದರೆ ಕರಕುಶಲ ಸರಕಿನಂಥ ಕೆಲವನ್ನು ಬಿಟ್ಟರೆ ರಾಜ್ಯದ ಹೊರಗೆ ಸರಕು ಮಾರುವವರಿಗೆ ಸಾಮಾನ್ಯವಾಗಿ ಮೊದಲ ರೂಪಾಯಿಯಿಂದಲೇ ನೋಂದಣಿ ಕಡ್ಡಾಯ. ಆನ್‌ಲೈನ್ ಮಾರುಕಟ್ಟೆಯ ಮೂಲಕ ಮಾರುವವರಿಗೂ 2023ರವರೆಗೆ ಹಾಗೆಯೇ ಇತ್ತು. 2023ರ ಅಕ್ಟೋಬರ್ 1ರಿಂದ ಸಣ್ಣ ಮಾರಾಟಗಾರರಿಗೆ ಒಂದು ರಿಯಾಯಿತಿ ಬಂತು. ಪ್ಯಾನ್ ಕೊಟ್ಟು ಜಿಎಸ್‌ಟಿ ತಾಣದಲ್ಲಿ ಹೆಸರು ದಾಖಲಿಸಿ, ಪೂರ್ತಿ ನೋಂದಣಿಯಿಲ್ಲದೆ ಆನ್‌ಲೈನಿನಲ್ಲಿ ಮಾರಬಹುದು, ಆದರೆ ಸ್ವಂತ ರಾಜ್ಯದೊಳಗೆ ಮಾತ್ರ. ವಹಿವಾಟಿನ ಮೇಲೆ ಒಂದೇ ದರದಲ್ಲಿ ತೆರಿಗೆ ಕಟ್ಟುವ ಕಾಂಪೊಸಿಷನ್ ಪದ್ಧತಿಯಲ್ಲಿರುವವರಿಗೂ ಇದೇ ಕಟ್ಟು.

ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಕೂತು ನೋಡಿದರೆ ಇದು ಉದಾರ ರಿಯಾಯಿತಿ. ಅಥಣಿಯಿಂದ ನೋಡಿದರೆ ಬೇರೆ. ಅಲ್ಲಿಯ ಕುಶಲಕರ್ಮಿ ನೋಂದಣಿಯಿಲ್ಲದೆ ಐನೂರು ಕಿಲೋಮೀಟರಿಗೂ ದೂರದ ಬೆಂಗಳೂರಿಗೆ ಆನ್‌ಲೈನಿನಲ್ಲಿ ಚಪ್ಪಲಿ ಕಳಿಸಬಹುದು. ಐವತ್ತರವತ್ತು ಕಿಲೋಮೀಟರಿನ ಮಿರಜಕ್ಕೆ ಹಾಗೆ ಕಳಿಸುವಂತಿಲ್ಲ. ಅವರ ಅಜ್ಜನ ಕಾಲದಿಂದ ಗಿರಾಕಿಗಳಿರುವುದು ಮಿರಜದಲ್ಲಿ, ಕೊಲ್ಹಾಪುರದಲ್ಲಿ. ಆದ್ದರಿಂದ ನೋಂದಣಿಯಿರುವ ಕೊಲ್ಹಾಪುರದ ವ್ಯಾಪಾರಿಗೆ ಸಗಟಾಗಿ ಮಾರುವ ಹಳೆಯ ದಾರಿಯೇ ಸಲೀಸು. ಆ ವ್ಯಾಪಾರಿ ತನ್ನ ಹೆಸರಿನಲ್ಲಿ ಅದನ್ನು ಆನ್‌ಲೈನಿಗೆ ಏರಿಸುತ್ತಾರೆ, ತಯಾರಿಸಿದವರ ಊರಿನ ಹೆಸರು ಪೆಟ್ಟಿಗೆಯ ಮೇಲೆ ಇರುವುದಿಲ್ಲ. ರಾಜ್ಯದ ಎಲ್ಲೆಯನ್ನೇ ಅಳತೆಯಾಗಿ ಹಿಡಿದ ಈ ರಿಯಾಯಿತಿ ಗಡಿ ತಾಲೂಕುಗಳಿಗೆ ಹೊಂದುವುದಿಲ್ಲ. ವಹಿವಾಟಿನ ಮಿತಿಯೊಂದನ್ನೇ ಇಟ್ಟು ಅಂತರರಾಜ್ಯ ಮಾರಾಟಕ್ಕೂ ಅದನ್ನು ವಿಸ್ತರಿಸಿದರೆ ಬೊಕ್ಕಸಕ್ಕೆ ಆಗುವ ನಷ್ಟ ಸಣ್ಣದು, ಇಲ್ಲಿಯ ಮನೆಗಳಿಗೆ ಆಗುವ ಅನುಕೂಲ ದೊಡ್ಡದು.

ನೋಂದಣಿ ಮಾಡಿಸಿದವರಿಗೂ ಲೆಕ್ಕ ಹಗುರವಲ್ಲ. ಆನ್‌ಲೈನ್ ಮಾರುಕಟ್ಟೆ ಅವರಿಗೆ ಕೊಡಬೇಕಾದ ಹಣದಲ್ಲಿ ಜಿಎಸ್‌ಟಿಯ ಲೆಕ್ಕಕ್ಕೆಂದು ಒಂದು ಪಾಲು ಮುರಿದುಕೊಳ್ಳುತ್ತದೆ. 2018ರ ಅಕ್ಟೋಬರಿನಲ್ಲಿ ಶೇ 1 ಎಂದು ಶುರುವಾದದ್ದು 2024ರ ಜುಲೈ 10ರಿಂದ ಶೇ 0.5. ಆದಾಯ ತೆರಿಗೆಯ ಲೆಕ್ಕದ ಕಡಿತ ಶೇ 1 ಇದ್ದದ್ದು 2024ರ ಅಕ್ಟೋಬರಿನಿಂದ ಶೇ 0.1. ಎರಡೂ ಮುಂದೆ ಲೆಕ್ಕದಲ್ಲಿ ವಾಪಸು ಸಿಗುತ್ತವೆ, ಆದರೆ ಅಷ್ಟು ದಿನ ಕೈಯ ಬಂಡವಾಳ ಕಡಿಮೆಯಾಗಿರುತ್ತದೆ. ಗಿರಾಕಿ ಮಾಲು ಹಿಂದಕ್ಕೆ ಕಳಿಸಿದರೆ ಕ್ರೆಡಿಟ್ ನೋಟ್ ಬರೆದು ತೆರಿಗೆಯನ್ನೂ ಹಿಂದಕ್ಕೆ ಪಡೆಯಬೇಕು. ಅಳತೆ ಸರಿಹೋಗದೆ ಚಪ್ಪಲಿ ವಾಪಸು ಬರುವುದು ಆನ್‌ಲೈನ್ ವ್ಯಾಪಾರದಲ್ಲಿ ಮಾಮೂಲು.

ದರವೂ ಪದೇ ಪದೇ ಬದಲಾಗಿದೆ. 2017ರಲ್ಲಿ 500 ರೂಪಾಯಿಯವರೆಗಿನ ಪಾದರಕ್ಷೆಗೆ ಶೇ 5, ಮೇಲಿನದಕ್ಕೆ ಶೇ 18 ಇತ್ತು. 2018ರಲ್ಲಿ ಆ ಮಿತಿ 1,000 ರೂಪಾಯಿಗೆ ಏರಿತು. 2022ರ ಜನವರಿಯಿಂದ 1,000ದವರೆಗಿನ ಜೋಡಿಗೆ ಶೇ 12 ಆಗಿ ಬಡವರ ಚಪ್ಪಲಿಯೇ ತುಟ್ಟಿಯಾಯಿತು. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿಯವರೆಗೆ ಶೇ 5, ಅದಕ್ಕೂ ಮೇಲೆ ಶೇ 18. ಕೈಯಲ್ಲಿ ಹೊಲಿದ ಒಳ್ಳೆಯ ಜೋಡಿನ ಬೆಲೆ ಈ ಮಿತಿಯ ಆಚೀಚೆಯೇ ಇರುತ್ತದೆ. 2,500ರ ಜೋಡಿಗೆ ತೆರಿಗೆ 125 ರೂಪಾಯಿ. ನೂರು ರೂಪಾಯಿ ಹೆಚ್ಚಿಟ್ಟು 2,600 ಮಾಡಿದರೆ 468. ಕುಶಲಕರ್ಮಿ ತನ್ನ ಕೆಲಸಕ್ಕೆ ನೂರು ರೂಪಾಯಿ ಹೆಚ್ಚು ಕೇಳಿದರೆ ಗಿರಾಕಿ 443 ಹೆಚ್ಚು ಕೊಡಬೇಕು.

ವಿದೇಶದಿಂದ ಬರುವ ಪೊಟ್ಟಣ

ಹೊರದೇಶದ ತಾಣದಿಂದ ಅಥಣಿಗೋ ಚಿಕ್ಕೋಡಿಗೋ ತರಿಸಿದ ವಸ್ತು ಮೊದಲು ದೊಡ್ಡ ನಗರದ ವಿದೇಶಿ ಅಂಚೆ ಕಚೇರಿಯಲ್ಲೋ ಕೊರಿಯರ್ ಟರ್ಮಿನಲಿನಲ್ಲೋ ಕಸ್ಟಮ್ಸ್ ದಾಟಬೇಕು. 1962ರ ಸೀಮಾ ಸುಂಕ ಕಾಯ್ದೆ, 1975ರ ಸುಂಕಪಟ್ಟಿ ಕಾಯ್ದೆ ಇದಕ್ಕೆ ಆಧಾರ. ಸುಂಕವನ್ನು ವಸ್ತುವಿನ ಬೆಲೆಯ ಮೇಲಷ್ಟೇ ಅಲ್ಲ, ಸಾಗಣೆ ಮತ್ತು ವಿಮೆ ಸೇರಿಸಿದ ಮೊತ್ತದ ಮೇಲೆ ಹಾಕುತ್ತಾರೆ. ಲೆಕ್ಕ ಒಂದರ ಮೇಲೊಂದು ಏರುತ್ತದೆ. ಆ ಮೊತ್ತ 1,000 ರೂಪಾಯಿ, ಮೂಲ ಸುಂಕ ಶೇ 10, ಐಜಿಎಸ್‌ಟಿ ಶೇ 18 ಇರುವ ವಸ್ತುವಿಗೆ ಸುಂಕ 100, ಸುಂಕದ ಹತ್ತನೇ ಒಂದು ಪಾಲು ಸಮಾಜ ಕಲ್ಯಾಣ ಮೇಲ್ತೆರಿಗೆ 10, ಒಟ್ಟು 1,110ರ ಮೇಲೆ ಐಜಿಎಸ್‌ಟಿ 199.80. ಮನೆಗೆ ಬರುವ ಹೊತ್ತಿಗೆ 1,309.80. ಕೊರಿಯರ್ ಕಂಪನಿಯ ಶುಲ್ಕ ಬೇರೆ. ಸ್ವಂತ ಬಳಕೆಗೆ ತರಿಸಿದ ವಸ್ತುಗಳಿಗೆ ಸುಂಕಪಟ್ಟಿಯಲ್ಲಿ 9804 ಎಂಬ ಪ್ರತ್ಯೇಕ ಶೀರ್ಷಿಕೆಯಿದೆ. ಅದರ ಐಜಿಎಸ್‌ಟಿ 2025ರ ಸೆಪ್ಟೆಂಬರಿನಲ್ಲಿ ಶೇ 28ರಿಂದ 18ಕ್ಕೆ ಇಳಿಯಿತು. 2026-27ರ ಬಜೆಟ್ ಅದರ ಮೂಲ ಸುಂಕವನ್ನು ಶೇ 20ರಿಂದ 10ಕ್ಕೆ ಇಳಿಸಿತು.

ಉಡುಗೊರೆಯ ಹೆಸರಿನಲ್ಲಿ 5,000 ರೂಪಾಯಿವರೆಗಿನ ಪೊಟ್ಟಣಕ್ಕೆ ಮೊದಲು ಸುಂಕವಿರಲಿಲ್ಲ. ಚೀನಾದ ಕೆಲವು ಮಾರಾಟ ತಾಣಗಳ ಸರಕು ಈ ಸಂದಿನಿಂದ ಉಡುಗೊರೆ ಎಂಬ ಚೀಟಿ ಅಂಟಿಸಿಕೊಂಡು ಬಂದದ್ದರಿಂದ 2019ರ ಡಿಸೆಂಬರಿನಲ್ಲಿ ಆ ವಿನಾಯಿತಿ ಹೋಯಿತು. ಉಳಿದದ್ದು ಜೀವರಕ್ಷಕ ಔಷಧಿ ಮತ್ತು ರಾಖಿ. ಪರದೇಶದಲ್ಲಿರುವ ಮಕ್ಕಳು ಈಗ ಊರಿಗೆ ಕಳಿಸುವ ವಾಚಿಗೂ, ಮೊಮ್ಮಗುವಿನ ಆಟಿಕೆಗೂ ಪೂರ್ತಿ ಸುಂಕ. ಅದನ್ನು ಕಟ್ಟಬೇಕಾದವರು ಊರಿನಲ್ಲಿರುವ ಅಪ್ಪ ಅವ್ವ. ಕಳಿಸುವ ಮೊದಲೇ ಇದನ್ನು ತಿಳಿದಿದ್ದರೆ ಬಾಗಿಲಿಗೆ ಬಂದ ಪೊಟ್ಟಣವನ್ನು ಹಿಂದಕ್ಕೆ ಕಳಿಸುವ ಪ್ರಸಂಗ ಬಾರದು.

ವಿದೇಶಕ್ಕೆ ಹೋಗುವ ಜೋಡು

ಆಮದಿನ ಇನ್ನೊಂದು ಮಗ್ಗುಲು ಇಲ್ಲಿಂದ ಹೊರದೇಶಕ್ಕೆ ಹೋಗುವ ಸರಕು. ಅಥಣಿಯ ಹೆಂಗಸರ ಸ್ವಸಹಾಯ ಗುಂಪುಗಳನ್ನು ಕಟ್ಟಿಕೊಂಡು ಬೆಳೆದ ಟೋಹೋಲ್ಡ್ ಎಂಬ ಸಂಸ್ಥೆ ಈ ಚಪ್ಪಲಿಗಳನ್ನು ಬಹಳ ಹಿಂದೆಯೇ ಹೊರದೇಶಗಳಿಗೆ ಮುಟ್ಟಿಸಿತ್ತು. ರಫ್ತಿಗೆ ಜಿಎಸ್‌ಟಿ ಶೂನ್ಯ, ಆದರೆ ನೋಂದಣಿ ಮತ್ತು ಆಮದು-ರಫ್ತು ಸಂಕೇತ ಸಂಖ್ಯೆ ಬೇಕು. ಸುಂಕ ಬೀಳುವುದು ಆಚೆ ದಡದಲ್ಲಿ. ದೇಶದೇಶಗಳ ಕಸ್ಟಮ್ಸ್ ಒಪ್ಪಿ ಬಳಸುವ ಸರಕು ಪಟ್ಟಿಯಲ್ಲಿ 6403 20 ಎಂಬ ಸಂಖ್ಯೆಯಿದೆ. ಚರ್ಮದ ಅಟ್ಟೆಯ, ಪಾದದ ಮೇಲೆ ಅಡ್ಡಲಾಗಿಯೂ ಹೆಬ್ಬೆರಳಿನ ಸುತ್ತಲೂ ಚರ್ಮದ ಪಟ್ಟಿಗಳಿರುವ ಪಾದರಕ್ಷೆ ಎಂಬುದು ಅದರ ವಿವರಣೆ. ಅಥಣಿಯ ಅಂಗಳದಲ್ಲಿ ನೋಡಿ ಬರೆದಂತಿರುವ ಈ ಸಾಲಿನ ಎದುರು ಪ್ರತಿ ದೇಶವೂ ತನ್ನ ದರ ಬರೆದುಕೊಂಡಿರುತ್ತದೆ.

ಅಮೆರಿಕದಲ್ಲಿರುವ ಕನ್ನಡ ಕುಟುಂಬ ಆನ್‌ಲೈನ್ ಮಾರುಕಟ್ಟೆಯಲ್ಲಿ ಈ ಜೋಡು ಕೊಂಡರೆ ಎರಡು ತೆರಿಗೆ ಎದುರಾಗುತ್ತವೆ. ಒಂದು ರಾಜ್ಯದ ಮಾರಾಟ ತೆರಿಗೆ. ನಮ್ಮಲ್ಲಿ 1953 ಮತ್ತು 1955ರಲ್ಲಿ ಎದ್ದ ಪ್ರಶ್ನೆಯೇ ಅಲ್ಲಿಯೂ ಎದ್ದು, ತನ್ನ ನೆಲದಲ್ಲಿ ಅಂಗಡಿಯಿಲ್ಲದ ಮಾರಾಟಗಾರರಿಂದಲೂ ರಾಜ್ಯ ತೆರಿಗೆ ವಸೂಲು ಮಾಡಬಹುದೆಂದು ಅಲ್ಲಿಯ ಸುಪ್ರೀಂ ಕೋರ್ಟು 2018ರ ಜೂನಿನಲ್ಲಿ ಸೌತ್ ಡಕೋಟಾ ಮತ್ತು ವೇಫೇರ್ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು. ಈಗ ಸಾಮಾನ್ಯವಾಗಿ ಮಾರುಕಟ್ಟೆ ತಾಣವೇ ಅದನ್ನು ವಸೂಲು ಮಾಡುತ್ತದೆ. ಎರಡನೆಯದು ಆಮದು ಸುಂಕ. 2016ರಿಂದ 800 ಡಾಲರಿನವರೆಗಿನ ಪೊಟ್ಟಣಕ್ಕೆ ಸುಂಕವಿರಲಿಲ್ಲ. 2025ರ ಆಗಸ್ಟ್ 29ರಿಂದ ಆ ವಿನಾಯಿತಿ ನಿಂತಿತು. ಎರಡು ದಿನ ಮುಂಚೆ ಭಾರತದ ಸರಕಿನ ಮೇಲೆ ಅಮೆರಿಕ ಶೇ 50ರ ಸುಂಕ ಹಾಕಿತ್ತು. ಸುಂಕ ವಸೂಲು ಮಾಡುವವರು ಯಾರೆಂಬುದೇ ತೀರ್ಮಾನವಾಗದೆ ಭಾರತೀಯ ಅಂಚೆ ಇಲಾಖೆ ಆಗಸ್ಟ್ 25ರಿಂದ ಅಮೆರಿಕಕ್ಕೆ ಬಹುತೇಕ ಪಾರ್ಸಲುಗಳನ್ನು ನಿಲ್ಲಿಸಿ, ಅಕ್ಟೋಬರ್ 15ರಂದು ಪುನಃ ಶುರುಮಾಡಿತು. ಆಗಿನಿಂದ ಕಳಿಸುವವರೇ ಸುಂಕವನ್ನು ಮುಂಗಡ ಕಟ್ಟುವ ಪದ್ಧತಿ ಬಂದಿದೆ. 2026ರ ಆರಂಭದಲ್ಲಿ ಅಮೆರಿಕದ ದರಗಳು ಮತ್ತೆ ಬದಲಾದವು, ಹಾಗಾಗಿ ಕಳಿಸುವ ದಿನದ ದರವನ್ನೇ ನೋಡಬೇಕು.

ಬೇರೆ ಕೆಲವು ದೇಶಗಳು ಸಣ್ಣ ಪೊಟ್ಟಣದ ವಿನಾಯಿತಿಯನ್ನು ಇದಕ್ಕೂ ಮುಂಚೆ ಕಡಿತ ಮಾಡಿದ್ದವು. ಆಸ್ಟ್ರೇಲಿಯಾ 2018ರ ಜುಲೈನಿಂದ 1,000 ಆಸ್ಟ್ರೇಲಿಯನ್ ಡಾಲರಿನವರೆಗಿನ ಬೆಲೆಯ ಆಮದಿಗೆ ಜಿಎಸ್‌ಟಿ ಹಾಕಿತು. ಬ್ರಿಟನ್ 2021ರ ಜನವರಿಯಿಂದ 135 ಪೌಂಡಿನವರೆಗಿನ ಸರಕಿಗೆ ಮಾರಾಟದ ಹಂತದಲ್ಲೇ ವ್ಯಾಟ್ ವಸೂಲು ಮಾಡಿಸುತ್ತಿದೆ. ಯೂರೋಪಿನ ಒಕ್ಕೂಟ 22 ಯೂರೊದವರೆಗಿನ ವ್ಯಾಟ್ ವಿನಾಯಿತಿಯನ್ನು 2021ರ ಜುಲೈನಲ್ಲಿ ತೆಗೆಯಿತು, 150 ಯೂರೊ ಒಳಗಿನ ಪೊಟ್ಟಣಗಳ ವಸ್ತುಗಳಿಗೆ 2026ರ ಜುಲೈ 1ರಿಂದ ತಲಾ 3 ಯೂರೊ ಸುಂಕ ಹಾಕಲು ಒಪ್ಪಿತು.

2025ರ ಜೂನಿನಲ್ಲಿ ಮಿಲಾನಿನ ಪ್ರದರ್ಶನದಲ್ಲಿ ಇಟಲಿಯ ಫ್ಯಾಷನ್ ಕಂಪನಿ ಪ್ರಾಡಾ ಕೊಲ್ಹಾಪುರಿಯನ್ನೇ ಹೋಲುವ ಪಾದರಕ್ಷೆಗಳನ್ನು ಮೂಲದ ಹೆಸರು ಹೇಳದೆ ತೋರಿಸಿದಾಗ ಗಡಿಯ ಎರಡೂ ಬದಿಯಿಂದ ಆಕ್ಷೇಪ ಎದ್ದಿತು. ಕಂಪನಿ ಮೂಲವನ್ನು ಒಪ್ಪಿಕೊಂಡು, ಆ ವರ್ಷದ ಡಿಸೆಂಬರಿನಲ್ಲಿ ಲಿಡ್ಕಾಮ್ ಮತ್ತು ಲಿಡ್ಕರ್ ಜೊತೆ ಒಪ್ಪಂದ ಮಾಡಿಕೊಂಡಿತು. ಮಹಾರಾಷ್ಟ್ರ, ಕರ್ನಾಟಕಗಳಲ್ಲಿ 2,000 ಜೋಡು ತಯಾರಿಸಿ ತನ್ನ ಅಂಗಡಿಗಳಲ್ಲೂ ಆನ್‌ಲೈನಿನಲ್ಲೂ ಮಾರುವುದು, ಜೋಡಿಗೆ ಸುಮಾರು 800 ಯೂರೊ ಬೆಲೆ ಇಡುವುದು ಅದರ ಆಗಿನ ಯೋಜನೆ. ಆಮದು ಸುಂಕವನ್ನು ಲೆಕ್ಕ ಹಾಕುವುದು ಯೂರೋಪಿನ ಅಂಗಡಿಯ ಬೆಲೆಯ ಮೇಲಲ್ಲ, ಇಲ್ಲಿಂದ ಹೊರಡುವಾಗ ರಫ್ತು ಬಿಲ್ಲಿನಲ್ಲಿ ಬರೆದ ಬೆಲೆಗೆ ಸಾಗಣೆ, ವಿಮೆ ಸೇರಿಸಿದ ಮೊತ್ತದ ಮೇಲೆ. ತಯಾರಿಸಿದವರಿಗೆ ಸಿಗುವ ಪಾಲು ಅಡಗಿರುವುದೂ ಆ ಮೊದಲ ಬಿಲ್ಲಿನಲ್ಲೇ.